ಸುಭಾಷ್ ರೋಡಿನಿಂದ ಡೊಂಬಿವಲಿಗೆ ಒಂದು ಸೆರಗು

ಧಾರವಾಡಕ್ಕೆ ಹೋದ ಮುಂಬೈಯವರು ಲೈನ್ ಬಜಾರಿನ ಪೇಡೆ ಕಟ್ಟಿಸಿಕೊಳ್ಳದೆ ರೈಲು ಹತ್ತುವುದಿಲ್ಲ. ಈ ಸಲ ನಾನು ಪೇಡೆಗಿಂತ ಮೊದಲು ಸುಭಾಷ್ ರೋಡಿಗೆ ಹೋದೆ. ಮಗಳ ಘಟಿಕೋತ್ಸವಕ್ಕೆ ಇಳಕಲ್ ಸೀರೆ ಬೇಕಿತ್ತು, ಅದರ ಸೆರಗಿಗೆ ನಾನೇ ಕಸೂತಿ ಹಾಕಬೇಕಿತ್ತು. ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸಿ ಎಂದು 2019ರಲ್ಲಿ ಯುಜಿಸಿ ಹೇಳಿತ್ತಲ್ಲ, ಪುಣೆಯ ಅವಳ ಕಾಲೇಜಿನಲ್ಲೂ ಈಗ ಕರಿ ಗೌನಿಲ್ಲ, ಸೀರೆ ನಡೆಯುತ್ತದೆ.

ಅಂಗಡಿಯವರು ಗಾದಿಯ ಮೇಲೆ ಸೀರೆ ಬಿಡಿಸುತ್ತಲೇ ಹೋದರು. ಬಣ್ಣಕ್ಕಿಂತ ಮೊದಲು ನಾನು ನೋಡಿದ್ದು ನೇಯ್ಗೆ. ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಹೊಲಿಯಬೇಕು. ಎಳೆ ಕಾಣದ ನುಣುಪು ಬಟ್ಟೆ ಎಷ್ಟು ಚಂದವಿದ್ದರೂ ನಮಗೆ ಉಪಯೋಗವಿಲ್ಲ. ಮಷೀನಿನಲ್ಲಿ ಹಾಕಿದ ಸೀರೆಗಳೂ ರಾಶಿ ಬಿದ್ದಿದ್ದವು, ಅಗ್ಗ ಕೂಡ. ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ, ಹಿಂದೆಲ್ಲ ದಾರದ ಗೋಜಲು.

ಮಾಳಮಡ್ಡಿಯ ಮೌಶಿಗೆ ಈಗ ಎಳೆ ಎಣಿಸುವಷ್ಟು ಕಣ್ಣಿಲ್ಲ. ನನಗೆ ಗವಂತಿ, ಮುರಗಿ, ನೇಯ್ಗಿ, ಮೆಂತಿ ಕಲಿಸಿದವಳು ಅವಳೇ. ನಾನು ಹಾಕಿದ ನಾಲ್ಕು ಸಾಲನ್ನು ಬೆರಳಿನಿಂದ ಸವರಿ, ಮಗುಚಿ, ಹಿಂಬದಿಯನ್ನೂ ಸವರಿದಳು. "ಗಂಟು ಹತ್ತಲಿಲ್ಲ ಕೈಗೆ. ನಡೀತದ, ಹಾಕು. ಬಂಗಾರ ಯಾರರೆ ಕೊಡ್ತಾರ ಆಕಿಗೆ."

ಉಳಿದದ್ದು ಡೊಂಬಿವಲಿಯ ಲೋಕಲ್ಲಿನಲ್ಲಿ ಬೆಳೆಯುತ್ತಿದೆ. ಸಂಜೆ ಲೇಡೀಸ್ ಡಬ್ಬಿಯಲ್ಲಿ ಒಬ್ಬರು ಗವಾರಿಕಾಯಿ ಮುರಿಯುತ್ತಾರೆ, ಒಬ್ಬರು ಮೆಂತ್ಯ ಬಿಡಿಸುತ್ತಾರೆ. ನನ್ನ ಸೂಜಿಯನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಆದರೆ ಓಡುವ ಗಾಡಿಯಲ್ಲಿ ಎಳೆ ಎಣಿಸಲು ಆದೀತೇ? ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಖಾಲಿ ಜಾಗ ತುಂಬುತ್ತ ಹಿಂದಿರುಗುತ್ತದೆ. ಆಗ ಎರಡೂ ಬದಿ ಒಂದೇ ಚಿತ್ರ. ಎಣಿಕೆ ಬೇಕಾಗುವುದು ಹೋಗುವಾಗ ಮಾತ್ರ. ಅದನ್ನು ಮನೆಯಲ್ಲಿ ಮುಗಿಸಿಕೊಂಡು, ಹಿಂದಿರುಗುವ ಸಾಲನ್ನು ಗಾಡಿಗೆ ಇಟ್ಟುಕೊಳ್ಳುತ್ತೇನೆ. ಅದೂ ಠಾಣೆ ದಾಟಿ ಕಿಟಕಿ ಸಿಕ್ಕರೆ.

ಮಗಳು ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಅಕ್ಟೋಬರಿಗೆ ಜರ್ಮನಿಗೆ ಹೊರಟಿದ್ದಾಳೆ. ಅಲ್ಲಿ ಈ ಸೀರೆ ಎಷ್ಟು ಸಲ ಉಡುತ್ತಾಳೋ, ಕೇಳುವ ಧೈರ್ಯ ನನಗಿಲ್ಲ. ಯಾವ ಚಿತ್ತಾರ ಬೇಕು ಎಂದಷ್ಟೇ ಕೇಳಿದೆ. ತೇರು, ಆನೆ, ನವಿಲು, ಗೋಪುರ ಎಲ್ಲದರ ಫೋಟೋ ಕಳಿಸಿದ್ದೆ. ಅವಳ ಉತ್ತರ ಒಂದೇ ಸಾಲು: "ಅಮ್ಮಾ, ಮೌಶಿ ಅಜ್ಜಿ ಹಿತ್ತಲದ ತುಳಸಿಕಟ್ಟೆ."

ತೇರು ಮುಗಿದಿದೆ, ಆನೆಗೆ ಸೊಂಡಿಲು ಬಂದಿದೆ. ತುಳಸಿಕಟ್ಟೆಯ ದೀಪದ ಗೂಡು ಬಹಳ ಸಣ್ಣದು, ಒಂದು ಎಳೆ ತಪ್ಪಿದರೂ ಸೊಟ್ಟಗಾಗುತ್ತದೆ. ಅದಕ್ಕೆಂದು ಭಾನುವಾರ ಬೆಳಗಿನ ಬೆಳಕು ತೆಗೆದಿಟ್ಟಿದ್ದೇನೆ.