ಕಪಿಲೆಯ ಮೀನಿಗೆ ಚಳಿಯಾಗುವುದಿಲ್ಲವೇ?

ಪುಷ್ಯಮಾಸದ ಮುಂಜಾನೆ ನಂಜನಗೂಡಿನ ಸ್ನಾನಘಟ್ಟ ನೋಡಿದ್ದೀರಾ? ಮೈಸೂರಿನಿಂದ ಅಲ್ಲಿಗೆ ಸುಮಾರು 25 ಕಿಲೋಮೀಟರ್. ಶ್ರೀಕಂಠೇಶ್ವರನ ಗೋಪುರ ಮಂಜಿನಲ್ಲಿ ಅರ್ಧ ಮರೆಯಾಗಿರುತ್ತದೆ. ಕಪಿಲೆಗೆ ಇಳಿದ ಅಜ್ಜಂದಿರು ಮೂರು ಮುಳುಗು ಹಾಕಿ, ಹಲ್ಲು ಕಟಕಟಿಸುತ್ತ ಮೇಲೆ ಬರುತ್ತಾರೆ. ಮೊಮ್ಮಕ್ಕಳು ಕಾಲ್ಬೆರಳು ಅದ್ದಿ ಹಿಂದಕ್ಕೆ ಓಡುತ್ತಾರೆ. ನಾವೇನೋ ಮೇಲೆ ಬಂದು ಟವಲು ಸುತ್ತಿಕೊಳ್ಳುತ್ತೇವೆ. ನೀರೊಳಗೇ ಇರುವ ಮೀನಿನ ಗತಿ?

ಮಕ್ಕಳೇ, ನಮ್ಮ ಮೈಯೊಳಗೆ ಸದಾ ಉರಿಯುವ ಒಂದು ಒಲೆ ಇದೆ. ಹೊರಗೆ ಎಷ್ಟೇ ಚಳಿಯಿರಲಿ, ಉಂಡ ಅನ್ನ ಮುದ್ದೆಯನ್ನು ಉರಿಸಿ ಅದು ಮೈಯನ್ನು 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇಡುತ್ತದೆ. ಹೆಚ್ಚಿನ ಮೀನುಗಳಿಗೆ ಅಂಥ ಒಲೆಯಿಲ್ಲ. ನೀರು ಎಷ್ಟು ಬೆಚ್ಚಗೋ ಮೀನೂ ಅಷ್ಟೇ ಬೆಚ್ಚಗೆ. ಪುಣ್ಯಕ್ಕೆ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಹೀಗಾಗಿ ಬದಲಾವಣೆಗೆ ಹೊಂದಿಕೊಳ್ಳಲು ಮೀನಿಗೆ ಕೆಲವು ವಾರಗಳ ಸಮಯ ಸಿಗುತ್ತದೆ.

ಆಗ ಅದು ಮಾಡುವ ಮೊದಲ ಕೆಲಸ, ಖರ್ಚು ಕಡಿಮೆ ಮಾಡುವುದು. ನೀರು 10 ಡಿಗ್ರಿ ತಣ್ಣಗಾದರೆ ಮೀನಿನ ಒಡಲ ಕೆಲಸಗಳ ವೇಗ ಸುಮಾರಾಗಿ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. ಎದೆಬಡಿತ ನಿಧಾನ, ಕಿವಿರಿನ ಬಡಿತ ನಿಧಾನ, ಜೀರ್ಣವಾಗುವುದೂ ನಿಧಾನ. ಹಸಿವು ಕುಗ್ಗುತ್ತದೆ. ಎಷ್ಟೋ ಮೀನುಗಳು ಸೆಳೆತವಿಲ್ಲದ ಆಳವಾದ ಮಡುಗಳಲ್ಲಿ ಸುಮ್ಮನೆ ನಿಲ್ಲುತ್ತವೆ.

ಎರಡನೆಯದು, ಕೂಡಿಟ್ಟದ್ದನ್ನು ಹುಷಾರಾಗಿ ಬಳಸುವುದು. ಮೀನಿನ ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಇರುತ್ತದೆ. ಅದು ಜೇಬಿನ ಚಿಲ್ಲರೆ ಕಾಸಿದ್ದಂತೆ. ಚಳಿ ದಿಢೀರನೆ ಬಡಿದರೆ, ಗಾಬರಿಯಾದರೆ, ಅದು ಕರಗಿ ರಕ್ತಕ್ಕೆ ಸಕ್ಕರೆಯಾಗಿ ಬರುತ್ತದೆ. ಮೈಯಲ್ಲಿ ಶೇಖರವಾದ ಕೊಬ್ಬು ಕಣಜದ ರಾಗಿಯಂತೆ. ಬಹುದಿನದ ಅರೆಹೊಟ್ಟೆಗೆ ಅದೇ ಆಸರೆ.

ಮೂರನೆಯದನ್ನು ತಿಳಿಯಲು ಅಜ್ಜಿಯ ಎಣ್ಣೆ ಬಾಟಲಿ ನೋಡಿ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಜೀವಕೋಶದ ತೆಳುಗೋಡೆಯೂ ಕೊಬ್ಬಿನಿಂದಲೇ ಆದದ್ದು. ಅದು ಹೆಪ್ಪುಗಟ್ಟಿದಂತಾದರೆ ಕೋಶದ ಕೆಲಸ ಕೆಡುತ್ತದೆ. ಅದಕ್ಕೇ ಚಳಿ ಬಂದಾಗ ಮೀನು ಆ ಗೋಡೆಯಲ್ಲಿ ಸುಲಭವಾಗಿ ಗಟ್ಟಿಯಾಗದ ಬಗೆಯ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತದೆ!

ಎಲ್ಲ ಮೀನುಗಳ ಶಕ್ತಿಯೂ ಒಂದೇ ಅಲ್ಲ. ಆಫ್ರಿಕಾದಿಂದ ಬಂದ ಜಿಲೇಬಿ ಮೀನು ನೀರು 10 ಡಿಗ್ರಿಯ ಸುತ್ತಮುತ್ತ ಇಳಿದರೆ ಬದುಕುವುದೇ ಕಷ್ಟ. ಅಂಟಾರ್ಕ್ಟಿಕಾದ ಕೆಲವು ಮೀನುಗಳೋ, ರಕ್ತದಲ್ಲಿ ಮಂಜು ಬೆಳೆಯದಂತೆ ತಡೆಯುವ ಪ್ರೋಟೀನು ಇಟ್ಟುಕೊಂಡು ಸೊನ್ನೆಗಿಂತ ಕೆಳಗಿನ ಕಡಲಲ್ಲಿ ಈಜುತ್ತವೆ.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಗುಪ್ತಗಾಮಿನಿ ಸ್ಫಟಿಕ ಸರೋವರವೂ ಸೇರಿ ಅದು ತ್ರಿವೇಣಿ ಸಂಗಮ ಎಂಬುದು ನಂಬಿಕೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ. 1989ರಲ್ಲಿ ಶುರುವಾದ ಇಲ್ಲಿನ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತು. ಮಾಘಸ್ನಾನದ ಹೊತ್ತೆಂದರೆ ನೀರು ತಣ್ಣಗಿರುವ ಹೊತ್ತೂ ಹೌದು.

ಇದೇ ಕಪಿಲೆಯಲ್ಲಿ, ಅಂದರೆ ಕಬಿನಿಯಲ್ಲಿ, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರ ಗಾಳಕ್ಕೆ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಬಿದ್ದಿತ್ತು. ನಿಮ್ಮ ಅಪ್ಪನಷ್ಟೇ ಭಾರವಿರಬಹುದಾದ ಮೀನು! ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇರದ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿ ಸೇರಿತು.

ಹಾಗಾದರೆ ಚಳಿಗಾಲದಲ್ಲಿ ಹೊಳೆಗೆ ಹೋದವರು ಏನು ಮಾಡಬೇಕು? ಪುರಿಯನ್ನು ಚೀಲದ ತುಂಬ ಸುರಿಯಬೇಡಿ. ಹಸಿವು ಕುಗ್ಗಿದ ಮೀನು ಅದನ್ನೆಲ್ಲ ತಿನ್ನುವುದಿಲ್ಲ. ಉಳಿದದ್ದು ಕೊಳೆತು ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಮಡುವಿನಲ್ಲಿ ನಿಂತ ಮೀನಿಗೆ ಕಲ್ಲು ಎಸೆದು ಓಡಿಸಬೇಡಿ. ಒಂದೊಂದು ಓಟಕ್ಕೂ ಅದರ ಜೇಬಿನ ಚಿಲ್ಲರೆ ಖಾಲಿಯಾಗುತ್ತದೆ. ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಬಿಡುವ ರೂಢಿ ನಂಜನಗೂಡಿನಲ್ಲಿದೆ. ಆ ಬಟ್ಟೆಗಳು ಮೀನು ಓಡಾಡುವ ದಾರಿಯಲ್ಲೇ ತಳ ಹಿಡಿಯುತ್ತವೆ. ಹಿರಿಯರೇ, ಅದನ್ನು ದಡದಲ್ಲೇ ಬಿಡಿಸುವುದು ನಿಮ್ಮ ಒಂದು ಮಾತಿನಿಂದ ಆಗುವ ಕೆಲಸ.

ಶಿವರಾತ್ರಿ ಬಂದರೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದಂತೆ. ಕಪಿಲೆಯ ಮೀನು ಅಲ್ಲಿಯವರೆಗೆ ಕಣಜದ ರಾಗಿಯನ್ನು ಎಣಿಸಿ ಎಣಿಸಿ ಉಣ್ಣಬೇಕು. ಅದರ ಲೆಕ್ಕ ನಮ್ಮಿಂದ ತಪ್ಪದಿರಲಿ.