ಮಳೆಯಿಲ್ಲದ ಊರಿಗೆ ಬಂದ ಹೊಳೆ

2024ರ ಜುಲೈ ಕೊನೆಯ ವಾರ. ಹೊಸಪೇಟೆಯಲ್ಲಿ ರೈಲಿಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಹತ್ತಿ ಹಿಂಜಿ ಎಸೆದಂತೆ ನಾಲ್ಕು ಬಿಳಿ ಮೋಡ, ಅಷ್ಟೆ. ಕೊಡೆಯನ್ನು ಚೀಲದ ತಳಕ್ಕೆ ತುರುಕಿ ಆಟೋ ಹತ್ತಿದೆ. ಹಂಪಿ ಎಂದೊಡನೆ ಚಾಲಕ, "ಹೊಳಿ ಬಂದೈತ್ರೀ, ಪುರಂದರ ಮಂಟಪ ಕಾಣಂಗಿಲ್ಲ" ಅಂದ. ನಾನು ಇನ್ನೊಮ್ಮೆ ಆಕಾಶ ನೋಡಿದೆ.

ವಿಠ್ಠಲ ಗುಡಿಯಿಂದ ಹೊಳೆಗಿಳಿಯುವ ದಾರಿಯಲ್ಲಿ ಬಂಡೆಗಳು ಕೈಯಿಡಲಾಗದಷ್ಟು ಕಾದಿದ್ದವು. ನೀರು ಕಾಣುವ ಮೊದಲೇ ಸದ್ದು ಕೇಳಿತು. ದೂರದಲ್ಲೆಲ್ಲೋ ಗಿರಣಿ ತಿರುಗುತ್ತಿದೆಯೇನೋ ಅನ್ನಿಸುವ ಸದ್ದು. ಆಮೇಲೆ ಕಂಡಿತು: ದಡದಿಂದ ದಡಕ್ಕೆ ಕೆಮ್ಮಣ್ಣಿನ ಬಣ್ಣದ ನೀರು, ಅದರ ಮೇಲೆ ಕಣ್ಣು ಕೋರೈಸುವ ಬಿಸಿಲು. ಪುರಂದರದಾಸರ ಹೆಸರಿನ ಆ ಮಂಟಪ ಇರಬೇಕಾದ ಕಡೆ ನೀರು ಉಬ್ಬಿ, ಇಳಿದು, ಸುಳಿ ಸುತ್ತಿ ಓಡುತ್ತಿತ್ತು. ಹರಿಗೋಲುಗಳನ್ನು ಮೇಲಕ್ಕೆ ಹೊತ್ತು ತಂದು ಬೋರಲು ಹಾಕಿದ್ದರು. ಅವುಗಳ ಬೆನ್ನು ಒಣಗಿ ಬಿರಿಯುತ್ತಿತ್ತು. ನನ್ನ ಕಾಲ ಬಳಿಯ ಕಲ್ಲಿನ ಮೇಲೆ ಕಪ್ಪಿರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಹತ್ತುತ್ತಿದ್ದವು. ನಾನು ಅಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲೇ ನೀರು ಒಂದು ಗೇಣು ಮೇಲೆ ಬಂತು. ಮೈಮೇಲೆ ಒಂದು ಹನಿ ಬಿದ್ದಿರಲಿಲ್ಲ.

ಆ ನೀರು ಇಲ್ಲಿನ ಮಳೆಯದಲ್ಲ. ಪುಷ್ಯ ಮಳೆ ಹೊಯ್ದದ್ದು ಶೃಂಗೇರಿ, ತೀರ್ಥಹಳ್ಳಿ ಕಡೆ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುವ ತುಂಗೆ, ಭದ್ರೆ ಅದನ್ನು ಈ ಬಿಸಿಲ ನಾಡಿಗೆ ಹೊತ್ತು ತರುತ್ತವೆ. ನಡುವೆ ಹೊಸಪೇಟೆಯ ಅಣೆಕಟ್ಟಿದೆ, 33 ಗೇಟುಗಳದ್ದು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು 105 ಚಿಲ್ಲರೆ. ತುಂಬಿದ ಮೇಲೆ ಬಂದದ್ದನ್ನು ಬಂದಂತೆ ಬಿಡಲೇಬೇಕು. ಅದಕ್ಕೇ ಇಲ್ಲಿ ಯಾರೂ ಮಳೆ ಎಷ್ಟಾಯಿತು ಎಂದು ಕೇಳುವುದಿಲ್ಲ. "ಎಷ್ಟು ಬಿಟ್ಟಾರ?" ಅಂತ ಕೇಳುತ್ತಾರೆ. ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು.

ಮಳೆಯಿಲ್ಲದೆ ಹೊಳೆ ಬರುವ ಈ ಬೆರಗಿಗೆ ಭಯವೂ ಅಂಟಿಕೊಂಡಿದೆ. 2019ರ ಆಗಸ್ಟ್‌ನಲ್ಲಿ ಆಚೆ ದಡದ ವಿರೂಪಾಪುರಗಡ್ಡೆ ಸುತ್ತಲೂ ನೀರಾಗಿ, ರಜೆ ಕಳೆಯಲು ಬಂದಿದ್ದ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ದಾಟಿಸಬೇಕಾಯಿತು. ನಾನು ಹೋಗಿ ಬಂದ ಮೂರು ತಿಂಗಳಿಗೆ, ಬಿಸಿಲಿಗೇ ಹೆಸರಾದ ಸ್ಪೇನಿನ ವೆಲೆನ್ಸಿಯಾದಲ್ಲಿ ಇದರ ಘೋರ ರೂಪ ಕಂಡಿತು. ಚೀವಾ ಎಂಬಲ್ಲಿ ಎಂಟು ಗಂಟೆಯಲ್ಲಿ 491 ಮಿಲಿಮೀಟರ್ ಸುರಿದ ಮಳೆ, ಅಂದು ಮಳೆಯೇ ಅಷ್ಟಾಗಿ ಬೀಳದ ಪೈಪೋರ್ಟಾದ ಬೀದಿಗಳಿಗೆ ಹಳ್ಳವಾಗಿ ನುಗ್ಗಿತು. ಆ ಪ್ರಾಂತದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸುದ್ದಿ ಓದುವಾಗ ನನಗೆ ವಿಠ್ಠಲ ಗುಡಿಯ ಕೆಳಗಿನ ಆ ಸದ್ದು ಕೇಳಿಸಿತು.

ಹಂಪಿಯಲ್ಲಿ ಹೊಳೆ ಕಂಡ ಮರುದಿನ ಕಂಪ್ಲಿಗೆ ಹೋದೆ. ಕೋಟೆ ದಾಟಿದರೆ ಗಂಗಾವತಿ ರಸ್ತೆ, ರಸ್ತೆಯ ಮುಂದೆ ಸೇತುವೆ ಇರಬೇಕು. ಬ್ಯಾರಿಕೇಡ್ ಇತ್ತು, ಪೊಲೀಸರಿದ್ದರು, ಸೇತುವೆ ನೀರಿನಡಿ ಇತ್ತು. ಡಾಂಬರು ರಸ್ತೆ ನೇರವಾಗಿ ಹೊಳೆಯೊಳಗೆ ಇಳಿದುಹೋಗಿತ್ತು. ಆಚೆ ದಡದ ಚಿಕ್ಕಜಂತಕಲ್ ಕಣ್ಣಳತೆಯಲ್ಲೇ ಇದೆ, ಹೋಗುವುದು ಮಾತ್ರ ಊರೂರು ಸುತ್ತಿ. ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳು ತವರಿನ ದಿಕ್ಕು ನೋಡುತ್ತ ನಿಂತಿದ್ದಳು. ಪ್ರತಿ ದೊಡ್ಡ ಹೊಳೆಗೂ ಎರಡು ದಡದ ಬಾಳು ಹೀಗೆ ತುಂಡಾಗುವುದನ್ನು ಸಹಜವೆಂದು ಒಪ್ಪಿಕೊಳ್ಳಲು ನನ್ನಿಂದಾಗದು. ಇಲ್ಲಿ ಎತ್ತರದ ಸೇತುವೆ ಬೇಕೇ ಬೇಕು.

ಅಲ್ಲಿಂದ ಹೋದ ಸಂಡೂರಿನದು ಬೇರೆಯೇ ಲೆಕ್ಕ. ಅಲ್ಲಿ ಮಳೆ ಸ್ವಂತದ್ದು. ಸಂಜೆ ಗುಡ್ಡದ ನೆತ್ತಿಗೆ ಮೋಡ ಕವಿದು ಅರ್ಧ ಗಂಟೆ ರಪರಪ ಹೊಡೆಯಿತು. ಅದಿರಿನ ಮಣ್ಣು ತೊಳೆದ ನೀರು ಕುಂಕುಮ ಕದಡಿದಂತೆ ಸಣ್ಣ ಝರಿಗಳಲ್ಲಿ ಧುಮುಕಿ, ನಾನು ಚಹಾ ಮುಗಿಸುವಷ್ಟರಲ್ಲಿ ಇಳಿದೂ ಹೋಯಿತು.

ಊರಿಗೆ ಮರಳಿದ ಮೇಲೆ, ಆಗಸ್ಟ್ 10ರ ರಾತ್ರಿ, ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ವಾರದೊಳಗೆ ಅದನ್ನು ಮುಚ್ಚಿದರು. ಆ ವಾರವಿಡೀ ನಾನು ಟಿವಿ ಮುಂದಿಂದ ಏಳಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಹೊಳೆ ಕಲ್ಲುಗಳ ನಡುವೆ ತಿಳಿಯಾಗಿ ಹರಿಯುತ್ತಿತ್ತು. ಪುರಂದರ ಮಂಟಪ ನಿಂತಲ್ಲೇ ನಿಂತಿತ್ತು. ಅಡ್ಡ ಗೋಡೆಯಿಲ್ಲದೆ ಕಂಬಗಳಷ್ಟೇ ಇರುವುದರಿಂದ ಹೊಳೆ ಅದರೊಳಗಿಂದಲೇ ಹಾದು ಹೋಗಿತ್ತು. ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಕಂಬ ಮತ್ತು ಚಾವಣಿಯ ಚಪ್ಪಡಿ ಸೇರುವ ಸಂದಿಯಲ್ಲಿ, ಎಟುಕದ ಎತ್ತರದಲ್ಲಿ, ಒಣಗಿದ ಬಾಳೆಯ ತರಗೊಂದು ಸಿಕ್ಕಿಕೊಂಡಿತ್ತು. ಅದರ ಮೇಲಿನ ಕೆಂಪು ಕೆಸರು ಗಾಳಿ ಬೀಸಿದಾಗಲೆಲ್ಲ ಪುಡಿಪುಡಿಯಾಗಿ ನನ್ನ ಭುಜದ ಮೇಲೆ ಉದುರುತ್ತಿತ್ತು.