ಮೈಲಾರದ ಒಂದೇ ಮಾತು

ಹಂಪಿ ನೋಡಿದ ಮೇಲೆ ಭರತ ಹುಣ್ಣಿಮೆಯ ಜಾತ್ರೆಗೆಂದು ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿದ್ದೆ. ಹೊಸಪೇಟೆ, ಸಂಡೂರಿನವರೂ ಬಸ್ಸಿನಲ್ಲಿದ್ದರು. ತುಂಗಭದ್ರೆಯ ದಂಡೆಯ ಊರು. ಅಬ್ಬಬ್ಬಾ, ಏನು ಜನ!

ಕಂಬಳಿ ಹೊದ್ದ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ!" ಎಂದದ್ದೇ ತಡ, ಎಲ್ಲರೂ ಗಪ್‌ಚಿಪ್. ಒಂದೇ ಮಾತು ನುಡಿದು ಕೆಳಕ್ಕೆ ಬಿದ್ದ, ಕೆಳಗಿದ್ದವರು ಹಿಡಿದುಕೊಂಡರು. ಅದೇ ಕಾರ್ಣಿಕ.

ರೈತರಿಗೆ ಅದರಲ್ಲಿ ಮಳೆ-ಬೆಳೆ ಕಾಣುತ್ತದೆ, ರಾಜಕೀಯದವರಿಗೆ ಕುರ್ಚಿ. ಚೀನಾದಲ್ಲೂ ಹೀಗೇ ನೋಡಿ: ಮೂರು ನಾಣ್ಯ ಎಸೆದು, 64 ಆಕೃತಿಗಳ ಹಳೇ ಗ್ರಂಥದಲ್ಲಿ ತಮ್ಮ ಪಾಲಿನ ಅರ್ಥ ಹುಡುಕುತ್ತಾರೆ. ಅರ್ಥ ಹಚ್ಚುವವರು ಮಾತ್ರ ನಾವೇ!

ಪಕ್ಕದಲ್ಲಿದ್ದ ಕಂಪ್ಲಿಯ ತಾಯಿಯೊಬ್ಬರು, ಮಗಳಿಗೆ ಬಂದ ಸಂಬಂಧ ಒಪ್ಪಬೇಕೋ ಬೇಡವೋ ಎಂದು ಅದೇ ಮಾತನ್ನು ತಿರುವಿ ಹಾಕುತ್ತಿದ್ದರು.

"ಹುಡುಗಿ ಏನಂತಾಳ್ರೀ?" ಎಂದೆ.

"ಆಕೀನ ಇನ್ನೂ ಕೇಳಿಲ್ಲವ್ವ" ಎಂದರು.